ಈಚಲು ಹುಳಕ್ಕೆ ವಿಷವೇಕೆ?

ಅಕ್ಟೋಬರಿನಲ್ಲಿ ಹಿಂಗಾರು ಮಳೆ ಹಿಡಿಯಿತೆಂದರೆ ಪಲ್ಲಾವರಂನಲ್ಲಿ ಸಂಜೆ ದೀಪ ಹಾಕುವಂತಿಲ್ಲ. ಈಚಲು ಹುಳ ಮುತ್ತುತ್ತದೆ. ತಮಿಳರು ಈಸಲ್ ಅನ್ನುತ್ತಾರೆ. ರೆಕ್ಕೆ ಬಂದ ಗೆದ್ದಲೇ ಅದು. ಕಚ್ಚುವುದಿಲ್ಲ, ಅನ್ನಕ್ಕೆ ಬಾಯಿ ಹಾಕುವುದಿಲ್ಲ. ರೆಕ್ಕೆ ಉದುರಿಸಿ ಬಹುಪಾಲು ಬೇಗನೆ ಸಾಯುತ್ತದೆ.

ಇಷ್ಟಕ್ಕೆ ಅಡಿಗೆಮನೆಗೂ ನಾವು ಮಲಗುವ ಕೋಣೆಗೂ ವಿಷ ಹೊಡೆಯಿರೆನ್ನುವ ಮಾಲಿಕರಿದ್ದಾರೆ. ಹೊಡೆಯುವವರೂ ನಾವೇ, ಆ ಗಾಳಿ ಕುಡಿದು ಮಲಗುವವರೂ ನಾವೇ. ಒಪ್ಪಬೇಡಿ, ಗೆಳೆಯರೇ. ಕೋಣೆಯ ದೀಪ ಅರ್ಧ ಗಂಟೆ ಆರಿಸಿ, ಹೊರಗಿನ ದೀಪದಡಿ ನೀರಿನ ಬೋಗುಣಿ ಇಡಿ. ಹುಳ ಅದರಲ್ಲಿ ಬೀಳುತ್ತದೆ. ಗೋಡೆಯ ಬಿರುಕಿನಿಂದಲೇ ಹುಳ ಎದ್ದರೆ ಗೆದ್ದಲು ಕಟ್ಟಡದೊಳಗೇ ಇದೆ. ಆ ರಿಪೇರಿ ಮಾಲಿಕರದು, ನಮ್ಮದಲ್ಲ. ಅಡಿಗೆಮನೆಯಲ್ಲಿ ದೀಪ ಆರಿಸಲಾಗದು, ಅಲ್ಲಿಗೆ ಕಿಟಕಿ ಜಾಲರಿಯೇ ಬೇಕು. ಕಾರ್ಮಿಕರ ಕೋಣೆಗೂ ಅದೇ ಜಾಲರಿ ಹಾಕಿಸಲಿ. ಸೆಪ್ಟೆಂಬರಿನಲ್ಲೇ ಕೇಳೋಣ, ಎಲ್ಲರೂ ಒಟ್ಟಾಗಿ.