ಮುಂದಿನ ಹೆಜ್ಜೆ ಇನ್ನೊಂದು ಕೋರ್ಸ್ ಅಲ್ಲ

ಭೌತಶಾಸ್ತ್ರ ಓದುವ ಹುಡುಗ ಹುಡುಗಿಯರು ಪೈಥಾನಿನಲ್ಲಿ ಲೂಪು, ಫಂಕ್ಷನ್ನು, ಒಂದೆರಡು ಗ್ರಾಫು ಕಲಿತ ಕೂಡಲೇ ಕೇಳುವ ಪ್ರಶ್ನೆ: ‘ಮುಂದೇನು ಸರ್?’ ಹಿತೈಷಿಗಳ ಬಳಿ ಉತ್ತರ ಸಿದ್ಧವಾಗಿರುತ್ತದೆ. ಸಿ ಪ್ಲಸ್ ಪ್ಲಸ್ ಕಲಿ, ಆಮೇಲೆ ಡೇಟಾ ಸೈನ್ಸ್, ಆಮೇಲೆ ಮೆಷಿನ್ ಲರ್ನಿಂಗ್. ಪ್ರತಿಯೊಂದಕ್ಕೂ ಒಂದು ಸರ್ಟಿಫಿಕೇಟ್ ಮಾಡಿಸಿಕೋ. ಈ ಸಲಹೆಯ ಹಿಂದೆ ಕಾಳಜಿಯಿದೆ. ಬರೀ ಬಿ.ಎಸ್‌ಸಿ. ಪದವಿ ಹಿಡಿದು ಕೆಲಸ ಹುಡುಕುವುದು ಎಷ್ಟು ಕಷ್ಟವೆಂದು ಬಲ್ಲವರೇ ಇದನ್ನು ಹೇಳುವುದು. ಆದರೂ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಪ್ರೋಗ್ರಾಮಿಂಗಿನ ಓನಾಮ ಮುಗಿಸಿದ ಭೌತಶಾಸ್ತ್ರದ ವಿದ್ಯಾರ್ಥಿ ಮುಂದೆ ಕಲಿಯಬೇಕಾದದ್ದು, ಕಂಪ್ಯೂಟರ್ ಕೊಟ್ಟ ಉತ್ತರವನ್ನು ಪರೀಕ್ಷೆಗೆ ಒಡ್ಡುವ ವಿದ್ಯೆಯನ್ನು. ಅದಕ್ಕೆ ಹೊಸ ಭಾಷೆ ಬೇಕಿಲ್ಲ, ಹಳೆಯ ಭೌತಶಾಸ್ತ್ರ ಸಾಕು.

ಎಲ್ಲರಿಗೂ ಪರಿಚಿತವಾದ ಸರಳ ಲೋಲಕವನ್ನೇ ತೆಗೆದುಕೊಳ್ಳೋಣ. 1 ಮೀಟರ್ ದಾರ, ತುದಿಯಲ್ಲೊಂದು ಗುಂಡು, 5 ಡಿಗ್ರಿ ಎಳೆದು ಬಿಟ್ಟಿದ್ದೇವೆ. ಗಾಳಿಯ ತಡೆ ಇಲ್ಲವೆಂದುಕೊಳ್ಳಿ. ಇದನ್ನು ಕಂಪ್ಯೂಟರಿಗೆ ಹೇಳಿಕೊಡುವಾಗ ಮೊದಲು ಹೊಳೆಯುವ ದಾರಿ ಆಯ್ಲರನದು. ಕಾಲವನ್ನು ಸೆಕೆಂಡಿನ ನೂರನೇ ಒಂದು ಭಾಗದ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿನಲ್ಲೂ ಹಳೆಯ ಕೋನ, ಹಳೆಯ ವೇಗಗಳಿಂದ ಹೊಸ ಕೋನ, ಹೊಸ ವೇಗಗಳನ್ನು ಲೆಕ್ಕ ಹಾಕುತ್ತ ಹೋಗುವುದು. ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ ಸಾಕು. ರನ್ ಮಾಡಿದರೆ ಎರರ್ ಇಲ್ಲ, ಗ್ರಾಫ್ ಕೂಡ ಅಂದವಾಗಿಯೇ ಮೂಡುತ್ತದೆ. ಆದರೆ 10 ಸೆಕೆಂಡು ಕಳೆಯುವಷ್ಟರಲ್ಲಿ 5 ಡಿಗ್ರಿ ತೂಗುತ್ತಿದ್ದ ಲೋಲಕ 8 ಡಿಗ್ರಿ ದಾಟಿರುತ್ತದೆ. ಅದರ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಯಾರೂ ತಳ್ಳದ ಲೋಲಕಕ್ಕೆ ಈ ಶಕ್ತಿ ಎಲ್ಲಿಂದ ಬಂತು?

ಲೆಕ್ಕದ ವಿಧಾನವೇ ಅದನ್ನು ಸೇರಿಸಿತು. ಪ್ರತಿ ಹೆಜ್ಜೆಯಲ್ಲೂ ಸಾವಿರದಲ್ಲಿ ಒಂದು ಪಾಲಿನಷ್ಟು ಶಕ್ತಿ ಹೆಚ್ಚುತ್ತದೆ. ಸಾವಿರ ಹೆಜ್ಜೆಗೆ ಅದು ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಪರಿಹಾರವೂ ಸಣ್ಣದೇ. ಮೊದಲು ವೇಗವನ್ನು ಲೆಕ್ಕ ಹಾಕಿ, ಆ ಹೊಸ ವೇಗದಿಂದಲೇ ಕೋನವನ್ನು ಕಂಡುಕೊಂಡರೆ ಶಕ್ತಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಮಿತಿ ಮೀರುವುದಿಲ್ಲ. ಇದಕ್ಕೆ ಆಯ್ಲರ್-ಕ್ರೋಮರ್ ವಿಧಾನ ಎನ್ನುತ್ತಾರೆ. ಪ್ರೋಗ್ರಾಮರನ ಕಣ್ಣಿಗೆ ಮೊದಲಿನ ಪ್ರೋಗ್ರಾಮಿನಲ್ಲಿ ಕುಂದೇ ಇರಲಿಲ್ಲ. ಕುಂದು ಕಂಡದ್ದು ಶಕ್ತಿ ಸಂರಕ್ಷಣೆಯ ನಿಯಮ ಗೊತ್ತಿದ್ದವರಿಗೆ. ಎರಡು ಸೆಮಿಸ್ಟರ್ ಮೆಕ್ಯಾನಿಕ್ಸ್ ಓದಿದ ಹುಡುಗಿ ಇಲ್ಲಿ ಹತ್ತು ವರ್ಷ ಕೋಡ್ ಬರೆದವರಿಗಿಂತ ಮುಂದಿದ್ದಾಳೆ. ಆ ಮುನ್ನಡೆಯನ್ನು ಬಿಟ್ಟುಕೊಟ್ಟು ಅವಳು ಇನ್ನೊಂದು ಕೋರ್ಸಿನ ಕೊನೆಯ ಬೆಂಚಿನಲ್ಲಿ ಹೋಗಿ ಏಕೆ ಕೂರಬೇಕು?

ಅದೇ ಲೋಲಕವನ್ನು 90 ಡಿಗ್ರಿಗೆ ಎಳೆದು ಬಿಡಿ. ಪಠ್ಯಪುಸ್ತಕದ ಸೂತ್ರದಂತೆ ಅದರ ಆವರ್ತ ಕಾಲ ಸುಮಾರು 2.01 ಸೆಕೆಂಡು. ಸರಿಯಾಗಿ ಬರೆದ ಪ್ರೋಗ್ರಾಂ 2.37 ಎನ್ನುತ್ತದೆ. ಸೂತ್ರಕ್ಕೂ ಪ್ರೋಗ್ರಾಮಿಗೂ ಶೇಕಡಾ 18ರಷ್ಟು ಜಗಳ. ಈ ಸಲ ಗೆಲ್ಲುವುದು ಪ್ರೋಗ್ರಾಂ, ಏಕೆಂದರೆ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಹೊಂದುತ್ತದೆ. ಲ್ಯಾಬಿನಲ್ಲಿ ‘ಜಾಸ್ತಿ ಎಳೀಬೇಡಿ’ ಎಂದು ಮೇಷ್ಟ್ರು ಯಾಕೆ ಹೇಳುತ್ತಿದ್ದರೆಂಬುದು ಈಗ ಅರ್ಥವಾಗುತ್ತದೆ. ಕಂಪ್ಯೂಟರನ್ನು ಯಾವಾಗ ನಂಬಬೇಕು, ಪುಸ್ತಕವನ್ನು ಯಾವಾಗ ನಂಬಬೇಕು ಎಂಬ ವಿವೇಕ ಹುಟ್ಟುವುದು ಇಂಥ ಜಗಳಗಳಲ್ಲೇ.

ಇದೆಲ್ಲ ತರಗತಿಯ ಆಟ ಎನ್ನುವವರಿಗೆ ಅಮೆರಿಕದ ಲಾಸ್ ಅಲಾಮೋಸ್‌ನ ಕತೆ ನೆನಪಿಸುತ್ತೇನೆ. 1950ರ ದಶಕದಲ್ಲಿ ವಿಜ್ಞಾನಿಗಳಾದ ಫರ್ಮಿ, ಪಾಸ್ತಾ ಮತ್ತು ಉಲಾಮ್ ಅಲ್ಲಿನ ಮೇನಿಯಾಕ್ ಕಂಪ್ಯೂಟರಿಗೆ ಒಂದು ಸರಳ ಲೆಕ್ಕ ಕೊಟ್ಟರು. ಪ್ರೋಗ್ರಾಂ ಬರೆದದ್ದು ಮೇರಿ ಸಿಂಗೌ. ಸ್ಪ್ರಿಂಗುಗಳಿಂದ ಜೋಡಿಸಿದ ಗುಂಡುಗಳ ಸಾಲು, ಸ್ಪ್ರಿಂಗಿನ ಬಲದಲ್ಲಿ ಚೂರು ವಕ್ರತೆ. ಒಂದು ಬಗೆಯ ಕಂಪನಕ್ಕೆ ಕೊಟ್ಟ ಶಕ್ತಿ ಕ್ರಮೇಣ ಎಲ್ಲ ಕಂಪನಗಳಿಗೂ ಹಂಚಿಹೋಗುತ್ತದೆಂಬುದು ಅವರ ನಿರೀಕ್ಷೆ. ಆದರೆ ಶಕ್ತಿ ಒಂದಷ್ಟು ಸುತ್ತಾಡಿ, ಬಹುಪಾಲು ಮೊದಲಿನ ಕಂಪನಕ್ಕೇ ಮರಳಿತು. 1955ರಲ್ಲಿ ವರದಿಯಾದ ಈ ಒಗಟಿನ ಬೆನ್ನು ಹತ್ತಿ 1965ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ‘ಸಾಲಿಟಾನ್’, ಅಂದರೆ ಆಕಾರ ಕೆಡದೆ ಸಾಗುವ ಒಂಟಿ ಅಲೆ, ಎಂಬ ಕಲ್ಪನೆಗೆ ಬಂದು ತಲುಪಿದರು. ಪ್ರೋಗ್ರಾಮಿನ ದೋಷ ಯಾವುದು, ಪ್ರಕೃತಿಯ ಗುಣ ಯಾವುದು ಎಂದು ಬೇರ್ಪಡಿಸಲು ಬಾರದವರ ಕೈಗೆ ಅದೇ ಫಲಿತಾಂಶ ಸಿಕ್ಕಿದ್ದರೆ ಕಸದ ಬುಟ್ಟಿ ಸೇರುತ್ತಿತ್ತು.

ಸರಿ, ಹೊಟ್ಟೆಪಾಡಿನ ಮಾತೇನು? ಈ ಆಕ್ಷೇಪ ನ್ಯಾಯವಾದದ್ದು. ಆದರೆ ಕೆಲಸದ ಲೋಕದಲ್ಲೂ ದುಬಾರಿಯಾಗುವುದು ಪರೀಕ್ಷಿಸದ ಅಂಕಿಗಳೇ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಮೇಲೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಪೇಟ್ರಿಯಟ್ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸುತ್ತಿತ್ತು. 0.1 ಎಂಬ ಸಂಖ್ಯೆಯನ್ನು ದ್ವಿಮಾನದಲ್ಲಿ ಪೂರ್ತಿ ಬರೆಯಲಾಗದು; ಬಾಲ ಕತ್ತರಿಸಲೇಬೇಕು. ಸುಮಾರು 100 ಗಂಟೆ ನಿಲ್ಲದೆ ನಡೆದ ಮೇಲೆ ಆ ಚೂರುಗಳು ಕೂಡಿ 0.34 ಸೆಕೆಂಡಿನ ತಪ್ಪಾಗಿದ್ದವು. ಇನ್ನು ಕೋಡ್ ಬರೆದುಕೊಡುವ ಎಐ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಬರೆಯುವ ಕೆಲಸ ಅಗ್ಗವಾದಷ್ಟೂ, ಬರೆದದ್ದು ಸರಿಯೇ ಎಂದು ಹೇಳಬಲ್ಲವರ ಬೆಲೆ ಏರುತ್ತದೆ.

ಮೆಷಿನ್ ಲರ್ನಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಸರದಿ ಬರಲಿ ಎನ್ನುತ್ತಿದ್ದೇನೆ. ಅದಕ್ಕೂ ಮುಂಚೆ ನೀವು ಓದಿದ ಪುಸ್ತಕದಿಂದಲೇ ಒಂದು ಅಧ್ಯಾಯ ಆರಿಸಿಕೊಳ್ಳಿ. ಗ್ರಹಗಳ ಕಕ್ಷೆ, ಉಷ್ಣದ ಹರಿವು, ಕ್ವಾಂಟಮ್ ಬಾವಿ, ಯಾವುದಾದರೂ ಆದೀತು. ಕಾಗದದ ಮೇಲೆ ಬಿಡಿಸಿದ ಉತ್ತರ ಇರುವ ಕಡೆ ಪ್ರೋಗ್ರಾಂ ಅದನ್ನೇ ಹೇಳುತ್ತದೆಯೇ ನೋಡಿ. ಹೆಜ್ಜೆಯ ಗಾತ್ರವನ್ನು ಅರ್ಧ ಮಾಡಿದಾಗ ಉತ್ತರ ಎಷ್ಟು ಕದಲುತ್ತದೆ ನೋಡಿ. ಉಳಿಯಬೇಕಾದ ಶಕ್ತಿ, ಕೋನೀಯ ಸಂವೇಗ ಉಳಿದಿವೆಯೇ ಎಂದು ಬೇರೆ ಗ್ರಾಫ್ ಹಾಕಿ. ಇಷ್ಟೂ ಆದ ಮೇಲೆ ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ಕೈಹಾಕಿ.

ನಿಜವಾದ ಅಳತೆಗಳು ಬೇಕೆನಿಸಿದರೆ ಅವಕ್ಕೂ ಬರವಿಲ್ಲ. 2015ರ ಸೆಪ್ಟೆಂಬರ್ 14ರಂದು ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪುಕ್ಕಟೆಯಾಗಿ ಸಿಗುತ್ತದೆ, ಜೊತೆಗೆ ಪೈಥಾನ್ ಪಾಠಗಳೂ ಇವೆ. ನಮ್ಮ ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರ ಆಸ್ಟ್ರೋಸ್ಯಾಟ್, ಚಂದ್ರಯಾನಗಳ ಮಾಹಿತಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ.

ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ರೆಕಾರ್ಡ್ ಬುಕ್ಕಿನಲ್ಲಿ ಪ್ರೋಗ್ರಾಮಿನ ಪ್ರಿಂಟ್‌ಔಟ್ ಅಂಟಿಸಿದ್ದಕ್ಕೆ ಅಂಕ ಕೊಡುತ್ತಿದ್ದೀರಿ, ಕೊಡಿ. ವೈವಾದಲ್ಲಿ ಮಾತ್ರ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ‘ಈ ಉತ್ತರ ಸರಿ ಅಂತ ನಿನಗೆ ಹೇಗೆ ಗೊತ್ತು?’ ಅದಕ್ಕೆ ತಡವರಿಸದೆ ಉತ್ತರ ಕೊಡುವ ವಿದ್ಯಾರ್ಥಿ ಇನ್ನೊಂದು ಭಾಷೆಯನ್ನು ಬೇಕಾದಾಗ ತಾನೇ ಕಲಿತುಕೊಳ್ಳುತ್ತಾನೆ.