ಸರಪಳಿಯೂ ತಾಳೆಯೋಲೆಯೂ

ಬಳ್ಳಾರಿಯ ಕೋಟೆಯನ್ನು ನೋಡಹೋದವರಿಗೆ ಊರವರು ಹೇಳುವ ಕಥೆಯೊಂದುಂಟು. ಹೈದರಾಲಿಯು ಈ ದುರ್ಗವನ್ನು ಗೆದ್ದುಕೊಂಡು, ಫ್ರೆಂಚ್ ಇಂಜನಿಯರನೊಬ್ಬನಿಂದ ಅದನ್ನು ಬಲಪಡಿಸಿದನಂತೆ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರಗುಡ್ಡವೇ ಕೋಟೆಗಿಂತ ಎತ್ತರ! ಅದರ ಮೇಲೆ ಶತ್ರುವು ಫಿರಂಗಿಯನ್ನೇರಿಸಿದರೆ ಗತಿಯೇನು? ನವಾಬನು ಸಿಟ್ಟಾಗಿ ಆ ಇಂಜನಿಯರನನ್ನು ಗಲ್ಲಿಗೇರಿಸಿದನಂತೆ. ಇದು ಜನಶ್ರುತಿ, ಶಾಸನಪ್ರಮಾಣವೇನಲ್ಲ. ಎತ್ತರವನ್ನಳೆಯದೆ ತಲೆ ಕಳೆದುಕೊಂಡವನ ಕಥೆಯನ್ನು ಕೇಳಿದಾಗಲೆಲ್ಲ ನಮಗೆ, ಅಳೆಯುವುದರಲ್ಲಿಯೇ ಆಯುಷ್ಯವನ್ನು ಸವೆಸಿದ ಮತ್ತೊಬ್ಬ ದಂಡಿನ ಇಂಜನಿಯರನ ನೆನಪಾಗುತ್ತದೆ. ಆತನೇ ಕರ್ನಲ್ ಕಾಲಿನ್ ಮೆಕೆಂಝಿ.

ಈತನು ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಗಣಿತದಲ್ಲಿ ಬಾಲ್ಯದಿಂದ ಆಸಕ್ತಿ. ಲಾಗರಿತಮ್ಮನ್ನು ಕಂಡುಹಿಡಿದ ನೇಪಿಯರನ ಚರಿತ್ರೆಯನ್ನು ಬರೆಯಹೊರಟ ಆ ವಂಶದ ಪ್ರಭುವೊಬ್ಬನು, ಹಿಂದೂಗಳ ಗಣಿತವನ್ನು ತಿಳಿಯಲು ಈತನ ನೆರವನ್ನು ಪಡೆದಿದ್ದನೆಂದು ಹೇಳುತ್ತಾರೆ. ಅದು ಸಹಜವೇ. ತ್ರಿಕೋಣಮಿತಿಯಲ್ಲಿ ಇಂದು ಮಕ್ಕಳು 'ಸೈನ್' ಎಂದು ಉರುಹಾಕುವ ಶಬ್ದವು ನಮ್ಮ 'ಜ್ಯಾ', 'ಜೀವಾ' ಎಂಬವೇ ಅರಬ್ಬರ ಬಾಯಿಗೆ ಬಿದ್ದು, ಅಲ್ಲಿಂದ ಲ್ಯಾಟಿನಿಗೆ ತಪ್ಪಾಗಿ ಭಾಷಾಂತರಗೊಂಡು ಬಂದುದು. ಶಬ್ದಗಳಿಗೂ ದೇಶಾಟನವುಂಟು.

1783ರಲ್ಲಿ ಮದರಾಸಿಗೆ ಬಂದಿಳಿದ ಮೆಕೆಂಝಿಗೆ ದೊರೆತುದು ಗಣಿತವಲ್ಲ, ಯುದ್ಧ. ಕುಂಪಣಿಯ ಸೈನ್ಯದಲ್ಲಿ ಇಂಜನಿಯರನಾಗಿ ಟಿಪ್ಪುವಿನ ಮೇಲಣ ಕದನಗಳು, ಪಾಂಡಿಚೇರಿಯ ಮುತ್ತಿಗೆ, ಲಂಕೆಯ ದಂಡಯಾತ್ರೆ, ಕಡೆಗೆ 1799ರ ಶ್ರೀರಂಗಪಟ್ಟಣ! ಹದಿಮೂರು ವರ್ಷಗಳು ಹೀಗೆಯೇ ಹೋದವೆಂದು, ಲಂಕೆಯಿಂದ ಮರಳುವವರೆಗಿನ ಕಾಲವನ್ನು ಕುರಿತು ಆತನೇ ಮುಂದೆ ಬರೆದಿದ್ದಾನೆ.

ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಆತನ ಪಾಲಿಗೆ ಬಂದಿತು. ನಲವತ್ತು ಸಾವಿರ ಚದರ ಮೈಲಿಗಳಿಗೂ ಮಿಗಿಲಾದ ನೆಲ. ಬಯಲಿನಲ್ಲಿ ಒಂದು ಗೆರೆಯನ್ನು ಸರಪಳಿಯಿಂದ ಜಾಗರೂಕತೆಯಾಗಿ ಅಳೆಯುವುದು. ಅದರ ಎರಡು ತುದಿಗಳಿಂದಲೂ ದೂರದ ಗುಡ್ಡದ ಮೇಲಣ ಬಾವುಟವನ್ನು ಯಂತ್ರದಿಂದ ನೋಡಿ ಕೋನಗಳನ್ನು ಗುರುತಿಸುವುದು. ಉಳಿದೆರಡು ಭುಜಗಳನ್ನು ಲೆಕ್ಕದಿಂದ ತೆಗೆಯುವುದು. ಆ ಭುಜವೇ ಮುಂದಿನ ತ್ರಿಕೋಣಕ್ಕೆ ಆಧಾರ. ಗುಡ್ಡವನ್ನು ಹತ್ತಿದರೆ ಸಾಕು, ನಡುವಣ ಕಣಿವೆಯಲ್ಲಿ ಸರಪಳಿಯನ್ನೆಳೆಯಬೇಕಾಗಿಲ್ಲ. ಬಳ್ಳಾರಿ ಮುಂತಾದ ಸೀಮೆಗಳನ್ನು ನಿಜಾಮನು 1800ರಲ್ಲಿ ಕುಂಪಣಿಗೆ ಬಿಟ್ಟುಕೊಟ್ಟಿದ್ದನಷ್ಟೆ. ಆ ದತ್ತಮಂಡಲದ ಮೋಜಣಿಯೂ ತರುವಾಯ ಆತನ ಮೇಲ್ವಿಚಾರಣೆಗೆ ಸೇರಿತು.

ಈ ನಕ್ಷೆಗಳು ಕಂದಾಯಕ್ಕಾಗಿ, ದಂಡಿನ ದಾರಿಗಾಗಿ ಹುಟ್ಟಿದವೆಂಬುದನ್ನು ನಾವು ಮರೆಯಲಾಗದು. ಆದರೆ ಅಷ್ಟಕ್ಕೇ ನಿಲ್ಲುವ ಮನಸ್ಸು ಆತನದಾಗಿರಲಿಲ್ಲ. ಈ ಕೆರೆಯನ್ನು ಕಟ್ಟಿಸಿದವರಾರು? ಈ ದೇವಾಲಯಕ್ಕೆ ಉಂಬಳಿ ಬಿಟ್ಟವರಾರು? ಊರೂರ ಶಾನಭೋಗರ ಕಡತಗಳಿಂದಲೂ ವೃದ್ಧರ ಬಾಯಿಂದಲೂ ಉತ್ತರಗಳನ್ನು ಬರೆಯಿಸಿದನು. ಇವೇ ಕೈಫಿಯತ್ತುಗಳು. ತುಂಗಭದ್ರೆಯ ನೀರನ್ನು ಸಿರುಗುಪ್ಪದ ಗದ್ದೆಗಳಿಗೆ ತಂದ ವಿಜಯನಗರ ಕಾಲದ ಕಾಲುವೆ, ಸಿಂದರು ಆಳಿದ ಕುರುಗೋಡಿನ ಗುಡಿಗಳು, ಅಲ್ಲಿಯ ದೊಡ್ಡ ಬಸವಣ್ಣ, ಇಂಥವು ಮೋಜಣಿದಾರನಿಗೆ ಬರಿಯ ಗುರುತುಗಳು, ಚರಿತ್ರಕಾರನಿಗೆ ಸಾಕ್ಷಿಗಳು. ಮೆಕೆಂಝಿಯಲ್ಲಿ ಇಬ್ಬರೂ ಇದ್ದರು.

ಆದರೆ ಆತನಿಗೆ ನಮ್ಮ ಭಾಷೆಗಳು ಬಾರವು! ಓಲೆಗಳನ್ನೋದಿ, ಶಾಸನಗಳನ್ನು ನಕಲು ಮಾಡಿ, ಅರ್ಥ ಹೇಳಿದವರು ನಮ್ಮವರು. ಕಾವಲಿ ವೆಂಕಟ ಬೊರ್ರಯ್ಯನೆಂಬ ತೆಲುಗು ತರುಣನು ಈ ಕಾರ್ಯಕ್ಕೆ ಅಡಿಗಲ್ಲನ್ನಿಟ್ಟು, 1803ರಲ್ಲಿ ಇನ್ನೂ ಮೂವತ್ತು ತುಂಬುವ ಮೊದಲೇ ತೀರಿಕೊಂಡನು. ಆತನ ತಮ್ಮ ಲಕ್ಷ್ಮಯ್ಯನೂ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಮುಂದುವರಿಸಿದರು. ಥಾಮಸ್ ಹಿಕಿಯು 1816ರಲ್ಲಿ ಬರೆದ ಚಿತ್ರದಲ್ಲಿ ಕೆಂಪಂಗಿಯ ಮೆಕೆಂಝಿಯ ಸುತ್ತ ಮೂವರು ಭಾರತೀಯರು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಮತ್ತೊಬ್ಬನ ಕೈಯಲ್ಲಿ ತಾಳೆಯೋಲೆ.

1815ರಲ್ಲಿ ಆತನು ಹಿಂದೂಸ್ಥಾನದ ಪ್ರಥಮ ಸರ್ವೇಯರ್ ಜನರಲ್ ಆದನು. 1821ರ ಮೇ 8ರಂದು ಮೃತನಾದನು. ಕೂಡಿಸಿದ್ದನ್ನು ಕುರಿತು ತಾನೇ ಬರೆಯಬೇಕೆಂಬ ಆಸೆ ಕೈಗೂಡಲಿಲ್ಲ. ಆತನ ವಿಧವೆಯಿಂದ ಕುಂಪಣಿಯು ಲಕ್ಷ ರೂಪಾಯಿಗಳಿಗೆ ಸಂಗ್ರಹವನ್ನು ಕೊಂಡಿತು. ವಿಲ್ಸನ್ ಪಂಡಿತನು 1828ರಲ್ಲಿ ಪಟ್ಟಿಯನ್ನು ಅಚ್ಚುಹಾಕಿಸಿದನು: 1,568 ಗ್ರಂಥಗಳು, 8,076 ಶಾಸನಗಳು, 2,070 ಸ್ಥಳವೃತ್ತಾಂತಗಳು, 6,218 ನಾಣ್ಯಗಳು.

ಆಮೇಲಿನದು ನಮ್ಮ ಮನಸ್ಸನ್ನು ನೋಯಿಸುವ ಸಂಗತಿ. ಲಕ್ಷ್ಮಯ್ಯನು ಈ ಸಂಶೋಧನೆಯನ್ನು ತಾನೇ ಮುಂದುವರಿಸುವೆನೆಂದು ಬೇಡಿದಾಗ, 1830ರ ದಶಕದಲ್ಲಿ ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಿದ್ವಾಂಸರು ಅಂಥ ಕಾರ್ಯಕ್ಕೆ ಆತನ ಯೋಗ್ಯತೆ ಸಾಲದೆಂದರು. ದೀರ್ಘಕಾಲದ ಅನುಭವಕ್ಕೆ ದೊರೆತ ಪದವಿಯದು! ಓಲೆಯನ್ನು ಓದಿದವನು ಅಯೋಗ್ಯ; ಓದಲು ಬಾರದವನ ಹೆಸರಿನಲ್ಲಿ ಸಂಗ್ರಹ.

ಆ ಸಂಗ್ರಹವು ಇಂದು ಲಂಡನ್ನಿನಲ್ಲಿಯೂ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿಯೂ ಹಂಚಿಹೋಗಿದೆ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಅಚ್ಚುಮಾಡಿದೆ. ಬಳ್ಳಾರಿಯ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತಗಳು ಇನ್ನೂ ಇದ್ದಾವು. ಸುಣ್ಣ ಹೊಡೆಸುವ ದಿನ ಅವನ್ನು ಹಿತ್ತಲಿಗೆಸೆಯುವ ಮೊದಲು, ಅಕ್ಷರ ಬಲ್ಲ ಹಿರಿಯರಿಗೊಮ್ಮೆ ತೋರಿಸುವಂತೆ ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆ.