ಕಾರಿನ ಹಾಡಿನಲ್ಲಿ ಎಂಜಿನಿನ ಸಿಳ್ಳು

ಹಗಲೆಲ್ಲ ಗಲ್ಲಾಪೆಟ್ಟಿಗೆಯ ಬಳಿಯೋ ಕಚೇರಿಯ ಕಡತಗಳ ನಡುವೆಯೋ ದುಡಿದು, ಉಳಿತಾಯದ ಹಣಕ್ಕೆ ಸಾಲವನ್ನೂ ಸೇರಿಸಿ ಹಳೆಯದೊಂದು ಕಾರನ್ನು ಕೊಳ್ಳುವವರು ನಮ್ಮವರಲ್ಲಿ ಈಗ ಅಪರೂಪವಲ್ಲ. ಕೆಲವರಿಗೆ ಅದು ಮಡದಿಮಕ್ಕಳೊಡನೆ ಊರಿಗೆ ಹೋಗಿಬರುವ ವಾಹನ. ಕೆಲವರಿಗೆ ಬಾಡಿಗೆಗೆ ಓಡಿಸಿ ಅನ್ನ ಗಳಿಸುವ ಸಾಧನ. ಅದರಲ್ಲಿ ಹಾಡಿನ ಸೆಟ್ಟನ್ನೂ ಆಂಪ್ಲಿಫಯರನ್ನೂ ಕೂಡಿಸಿದ ಮೇಲೆ ಅನೇಕರಿಗೆ ಒಂದು ಪೀಡೆ ಗಂಟುಬೀಳುತ್ತದೆ. ಎಂಜಿನು ನಿಂತಿರುವಾಗ ಹಾಡು ಸೊಗಸಾಗಿರುತ್ತದೆ. ಹೊರಟೊಡನೆ ಹಾಡಿನೊಳಗೆ ಸಣ್ಣದೊಂದು ಸಿಳ್ಳು ಕೇಳತೊಡಗುತ್ತದೆ. ಆಕ್ಸಿಲರೇಟರು ಒತ್ತಿದಂತೆಲ್ಲ ಅದೂ ಏರುತ್ತದೆ. ಅಂಗಡಿಗೆ ಹೋದರೆ ಮೊದಲು ಫಿಲ್ಟರು, ಆಮೇಲೆ ಹೊಸ ತಂತಿ, ಕೊನೆಗೆ ಹೊಸ ಸೆಟ್ಟು ಎಂಬ ಸಲಹೆ. ಹಣ ಹೋಗುತ್ತದೆ, ಸಿಳ್ಳು ಉಳಿಯುತ್ತದೆ. ಮೂಲವು ತಿಳಿಯುವವರೆಗೆ ಒಂದು ಕಾಸಿನ ಸಾಮಾನನ್ನೂ ಕೊಳ್ಳಕೂಡದೆಂಬುದು ಈ ವಿಷಯದಲ್ಲಿ ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಈ ತೊಡಕು ಹೊಸದೇನೂ ಅಲ್ಲ. 1930ರಲ್ಲಿ ಅಮೆರಿಕೆಯ ಗ್ಯಾಲ್ವಿನ್ ಕಂಪೆನಿಯವರು ಮೋಟೊರೋಲಾ ಎಂಬ ಹೆಸರಿನ ಕಾರು ರೇಡಿಯೋವನ್ನು ಹೊರತಂದಾಗಲೂ ಎಂಜಿನಿನ ವಿದ್ಯುತ್ ಗದ್ದಲವನ್ನು ಅಡಗಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. ಕಾರಣವು ಅಂದಿನಿಂದ ತಿಳಿದಿದೆ; ಅದನ್ನು ವಿಚಾರಿಸುವ ತಾಳ್ಮೆ ಮಾತ್ರ ನಮ್ಮಲ್ಲಿಲ್ಲ.

ಎಂಜಿನಿನ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರು ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದರೊಳಗಿನ ಡಯೋಡುಗಳು ಆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ, 12 ವೋಲ್ಟಿನ ಬ್ಯಾಟರಿಗೆ ಸುಮಾರು 14 ವೋಲ್ಟಿನಂತೆ ಒದಗಿಸುತ್ತವೆ. ಆದರೆ ಅದರಲ್ಲಿ ಸಣ್ಣ ತೆರೆಗಳು ಉಳಿದೇ ಇರುತ್ತವೆ. ಎಂಜಿನಿನ ವೇಗ ಹೆಚ್ಚಿದಂತೆ ತೆರೆಗಳು ಒತ್ತೊತ್ತಾಗಿ ಬರುವುದರಿಂದಲೇ ಸಿಳ್ಳಿನ ಸ್ವರವೂ ಏರುವುದು. ಈ ತೆರೆ ಪ್ರತಿಯೊಂದು ಕಾರಿನಲ್ಲಿಯೂ ಉಂಟು. ಹಾಡಿನ ತಂತಿಯೊಳಗೆ ನುಸುಳಲು ದಾರಿ ದೊರೆತಾಗ ಮಾತ್ರ ಅದು ನಮ್ಮ ಕಿವಿಗೆ ಬೀಳುತ್ತದೆ.

ಆ ದಾರಿಯು ಬಹುಮಟ್ಟಿಗೆ ಅರ್ಥಿಂಗಿನ ದೋಷವೇ. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳುವುದು ಮೈಯ ಲೋಹದ ಮೂಲಕ. ಸೆಟ್ಟನ್ನು ಮುಂಭಾಗದಲ್ಲಿಯೂ ಆಂಪ್ಲಿಫಯರನ್ನು ಹಿಂಭಾಗದ ಡಿಕ್ಕಿಯಲ್ಲಿಯೂ ಲೋಹಕ್ಕೆ ಬಿಗಿದಾಗ, ಆ ಎರಡು ಸ್ಥಳಗಳ ನಡುವೆ ಅತ್ಯಲ್ಪ ವೋಲ್ಟಿನ ವ್ಯತ್ಯಾಸ ಉಂಟಾಗಬಹುದು. ಬಿಗಿದ ಜಾಗದಲ್ಲಿ ಬಣ್ಣವೋ ತುಕ್ಕೋ ಇದ್ದರೆ ಅದು ಇನ್ನೂ ಹೆಚ್ಚುತ್ತದೆ. ಆಗ ವಿದ್ಯುತ್ತಿನ ಒಂದಂಶವು ಸೆಟ್ಟನ್ನೂ ಆಂಪ್ಲಿಫಯರನ್ನೂ ಕೂಡಿಸುವ ಹಾಡಿನ ತಂತಿಯ ಹೊರಕವಚದಲ್ಲಿ ಹರಿದು, ತೆರೆಗಳನ್ನೂ ಜೊತೆಗೇ ಒಯ್ಯುತ್ತದೆ.

ಇದನ್ನು ಪರೀಕ್ಷಿಸಲು ಕಿವಿಯೇ ಸಾಕು. ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಾಕಿ ಎಂಜಿನನ್ನು ಚಾಲನೆಮಾಡಿರಿ. ಮುಚ್ಚಿದ ಷೆಡ್ಡಿನಲ್ಲಿ ಎಂದಿಗೂ ಮಾಡಬೇಡಿರಿ, ಅದರ ಹೊಗೆ ಪ್ರಾಣಾಪಾಯಕರ. ಮೊದಲು ಮೊಬೈಲಿನ ಚಾರ್ಜರನ್ನು ತೆಗೆಯಿರಿ. ಮೊಬೈಲನ್ನು ಆಕ್ಸ್ ತಂತಿಯಿಂದ ಸೆಟ್ಟಿಗೆ ಕೂಡಿಸಿ, ಕಾರಿನಲ್ಲಿಯೇ ಚಾರ್ಜಿಗೂ ಇಟ್ಟಾಗ ಸಿಳ್ಳು ಬರುವುದು ತೀರ ಸಾಮಾನ್ಯ. ಚಾರ್ಜರು ತೆಗೆದಾಗ ನಿಂತಿತೋ, ಬ್ಲೂಟೂತಿನಿಂದ ಹಾಡು ಕೇಳಿರಿ, ವೆಚ್ಚವೇ ಇಲ್ಲ.

ನಿಲ್ಲದಿದ್ದರೆ ವಾಲ್ಯೂಮನ್ನು ಪೂರ್ತಿ ಇಳಿಸಿರಿ. ಸಿಳ್ಳೂ ಇಳಿದರೆ ದೋಷವು ವಾಲ್ಯೂಮಿಗಿಂತ ಹಿಂದಿನದು, ಎಂದರೆ ಮೊಬೈಲಿನ ತಂತಿಯದೋ ಏರಿಯಲಿನದೋ ಆಗಿರುತ್ತದೆ. ರೇಡಿಯೋದಲ್ಲಿ ಮಾತ್ರ ಕೇಳಿದರೆ ಏರಿಯಲಿನ ಬುಡದ ಅರ್ಥಿಂಗನ್ನು ನೋಡತಕ್ಕದ್ದು. ಇಳಿಯದೆ ಹಾಗೆಯೇ ಇದ್ದರೆ ದೋಷವು ಮುಂದಿನದು. ಆಗ ಸೆಟ್ಟನ್ನು ಆರಿಸಿ, ಆಂಪ್ಲಿಫಯರಿನಿಂದ ಹಾಡಿನ ತಂತಿಯನ್ನು ಕಳಚಿ, ಪುನಃ ಚಾಲನೆಮಾಡಿರಿ. ಸಿಳ್ಳು ನಿಂತರೆ ಅದು ಬಂದುದು ಆ ತಂತಿಯ ಮಾರ್ಗವಾಗಿ. ನಿಲ್ಲದಿದ್ದರೆ ಆಂಪ್ಲಿಫಯರಿನ ಸ್ವಂತ ಅರ್ಥಿಂಗು ಅಥವಾ ವಿದ್ಯುತ್ ತಂತಿಯ ಮೂಲಕ. ಸಿಳ್ಳಿನ ಬದಲು ಟಿಕ್ ಟಿಕ್ ಎಂಬ ಸದ್ದಾದರೆ ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳ ಕಡೆಯನ್ನು ಶಂಕಿಸಬೇಕು. ಡೀಸೆಲ್ ಎಂಜಿನಿಗೆ ಆ ಪ್ಲಗ್ಗುಗಳೇ ಇಲ್ಲ.

ಮದ್ದು ಸರಳವಾದುದು. ಅರ್ಥಿಂಗ್ ಬಿಗಿಯುವಲ್ಲಿ ಬಣ್ಣವನ್ನು ಕೆರೆದು, ಲೋಹ ಹೊಳೆಯುವಂತೆ ಮಾಡಿ, ಗಿಡ್ಡನೆಯ ದಪ್ಪ ತಂತಿಯನ್ನು ಗಟ್ಟಿಯಾಗಿ ಬಿಗಿಯಬೇಕು. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಕೂಡದು. ವಿದ್ಯುತ್ ತಂತಿ ಕಾರಿನ ಒಂದು ಬದಿಯಲ್ಲಿ, ಹಾಡಿನ ತಂತಿ ಇನ್ನೊಂದು ಬದಿಯಲ್ಲಿ ಸಾಗಲಿ. ಇಷ್ಟಾದರೂ ನಿಲ್ಲದಿದ್ದಾಗ ಮಾತ್ರ ಫಿಲ್ಟರಿನ ಮಾತು. ಸಿಳ್ಳಿನ ಜೊತೆಗೆ ದೀಪಗಳು ಮಿಣುಕಿ, ಬ್ಯಾಟರಿಯೂ ಪದೇ ಪದೇ ಇಳಿಯುತ್ತಿದ್ದರೆ ಆಲ್ಟರ್ನೇಟರಿನ ಡಯೋಡು ಕೆಟ್ಟಿರಬಹುದು. ಅಲ್ಲಿ ಫಿಲ್ಟರು ಹಾಕುವುದೆಂದರೆ ಜ್ವರದ ರೋಗಿಗೆ ಕಂಬಳಿ ಹೊದಿಸಿ ಸುಮ್ಮನಿದ್ದಂತೆ. ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಹೊರಟ ಕಾರು ರಾತ್ರಿಯಲ್ಲಿ ಘಟ್ಟದ ನಡುವೆ ನಿಂತರೆ ಗತಿಯೇನು?

ತಪ್ಪು ಅಂಗಡಿಯವನದು ಮಾತ್ರವೆಂದು ನಾವು ಹೇಳುವುದಿಲ್ಲ. ಒಂದು ಗಂಟೆ ಹುಡುಕಿ, ಸಡಿಲವಾದ ಒಂದು ನಟ್ಟನ್ನು ಬಿಗಿದು ಸಿಳ್ಳನ್ನು ನಿಲ್ಲಿಸಿದ ಮೆಕ್ಯಾನಿಕನು ಕೂಲಿ ಕೇಳಿದರೆ, “ಒಂದು ನಟ್ಟಿಗೆ ಇಷ್ಟು ಹಣವೇ?” ಎಂದು ಜಗಳಾಡುವವರು ನಾವೇ. ಅದೇ ಹಣಕ್ಕೆ ಬಣ್ಣದ ಡಬ್ಬಿಯೊಂದನ್ನು ಕೈಯಲ್ಲಿಟ್ಟರೆ ಮರುಮಾತಿಲ್ಲದೆ ಎಣಿಸಿಕೊಡುತ್ತೇವೆ. ಹುಡುಕುವವನಿಗೆ ಕೂಲಿಯಿಲ್ಲದ ಪೇಟೆಯಲ್ಲಿ ಎಲ್ಲರೂ ಡಬ್ಬಿ ಮಾರುವವರೇ ಆಗುತ್ತಾರೆ. ದೋಸೆಯ ಬೆಲೆಯಲ್ಲಿ ಅಕ್ಕಿ ಉದ್ದುಗಳ ಬೆಲೆಯಷ್ಟೇ ಅಲ್ಲ, ಕಾವಲಿಯ ಮುಂದೆ ನಿಂತವನ ಅನುಭವವೂ ಸೇರಿದೆಯೆಂದು ಗಿರಾಕಿಗಳಿಗೆ ಹೇಳುವ ಹೋಟೆಲಿನವರಾದ ನಮಗಾದರೂ ಈ ನ್ಯಾಯವು ತಿಳಿದಿರಬೇಡವೇ?

ಆದುದರಿಂದ ಮುಂದಿನ ಸಲ ಅಂಗಡಿಗೆ ಹೋಗುವಾಗ, ಚಾರ್ಜರು ತೆಗೆದಾಗ ಏನಾಯಿತು, ವಾಲ್ಯೂಮು ಇಳಿಸಿದಾಗ ಏನಾಯಿತು, ತಂತಿ ಕಳಚಿದಾಗ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ದೋಷವನ್ನು ಹುಡುಕುವ ಕೂಲಿಯೆಷ್ಟೆಂದು ಮೊದಲೇ ಮಾತಾಡಿಕೊಂಡು, ಹುಡುಕಿದ ಮೇಲೆ ಸಂತೋಷದಿಂದ ಕೊಡಿರಿ. ಅದು ದಂಡವಲ್ಲ, ವಿದ್ಯೆಗೆ ಸಲ್ಲತಕ್ಕ ಹಣ.